ಒತ್ತಡ ಮತ್ತು ವಿಶ್ರಾಂತಿ

'ಚಿತೆ ಹೆಣವನ್ನು ಸುಡುತ್ತದೆ, ಚಿಂತೆ ಜೀವವನ್ನು ಸುಡುತ್ತದೆ' ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಚಿಂತೆಯು ಮನಸ್ಸನ್ನಷ್ಟೇ ಅಲ್ಲದೆ ದೇಹವನ್ನೂ ಬಾಧಿಸುತ್ತದೆ ಎಂಬುದನ್ನು ವಿಜ್ಞಾನವೂ ಒಪ್ಪಿದೆ.

ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸ್ರವಿಸುತ್ತವೆ. ಆಗ ಎದೆಬಡಿತ ಹೆಚ್ಚುತ್ತದೆ, ಉಸಿರಾಟ ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಹೋರಾಡಲು ಇಲ್ಲವೇ ಓಡಿಹೋಗಲು ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಹುಲಿಯಿಂದ ಪಾರಾದ ಜಿಂಕೆ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಮೇಯತೊಡಗುತ್ತದೆ. ಮನುಷ್ಯನ ಚಿಂತೆಗಳಾದರೋ ಸಾಲ, ಉದ್ಯೋಗ, ಸಂಸಾರ ಎಂದು ದಿನವಿಡೀ ಮುಂದುವರಿಯುತ್ತವೆ.

ದೇಹದ ಈ ವ್ಯವಸ್ಥೆ ಸ್ತ್ರೀಪುರುಷರಿಬ್ಬರಲ್ಲಿಯೂ ಉಂಟು. ಆದರೆ ಅದು ಶಾಂತವಾಗುವ ಸಮಯ ಇಬ್ಬರಿಗೂ ಒಂದೇ ಅಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಮರಿಯಾನ್ ಫ್ರಾಂಕೆನ್‌ಹಾಯ್ಸರ್ ಹಾಗೂ ಅವರ ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿದರ್ಶನವಾಗಿದೆ. ಸಂಜೆ ಕೆಲಸ ಮುಗಿದ ಮೇಲೆ ಪುರುಷ ಅಧಿಕಾರಿಗಳಲ್ಲಿ ಒತ್ತಡವನ್ನು ಸೂಚಿಸುವ ನಾರ್‌ಅಡ್ರಿನಲಿನ್ ಹಾರ್ಮೋನಿನ ಪ್ರಮಾಣ ಇಳಿಯಿತು. ಮಹಿಳಾ ಅಧಿಕಾರಿಗಳಲ್ಲಿ ಅದು ಏರಿತು. ಪುರುಷರಿಗೆ ವಿಶ್ರಾಂತಿಯ ತಾಣವಾದ ಮನೆಯೇ ಮಹಿಳೆಯರಿಗೆ ಎರಡನೆಯ ದುಡಿಮೆಯ ಸ್ಥಳವಾಗಿತ್ತು.

ನಮ್ಮ ದೇಶದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ, ಪುರುಷರು ವ್ಯಯಿಸುವುದು 97 ನಿಮಿಷಗಳನ್ನು ಮಾತ್ರ.

ಪುರುಷರ ಕಷ್ಟ ಬೇರೆ ಬಗೆಯದು. 'ಗಂಡುಹುಡುಗ ಅಳಬಾರದು' ಎಂದು ಬಾಲ್ಯದಿಂದಲೇ ಕೇಳುತ್ತ ಬೆಳೆದವನು ದುಃಖವನ್ನು ನುಂಗಿಕೊಳ್ಳಲು ಕಲಿಯುತ್ತಾನೆ. ಹೊರಬರದ ದುಗುಡ ಕೆಲವರಲ್ಲಿ ಸಿಡುಕಾಗಿ, ಕೆಲವರಲ್ಲಿ ಕುಡಿತವಾಗಿ ಪರಿಣಮಿಸುತ್ತದೆ. ಮಹಿಳೆಯರು ಸಂಕಟದಲ್ಲಿ ಮಕ್ಕಳನ್ನು ಸಲಹುತ್ತ, ಆಪ್ತರ ನೆರವನ್ನು ಅರಸುವುದು ಹೆಚ್ಚು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರತಿಪಾದಿಸಿದರು. 1995ಕ್ಕೆ ಹಿಂದಿನ ಪ್ರಯೋಗಗಳಲ್ಲಿ ಪಾಲ್ಗೊಂಡವರ ಪೈಕಿ ಮಹಿಳೆಯರು ಶೇಕಡ 17ರಷ್ಟು ಮಾತ್ರ ಇದ್ದರೆಂಬುದನ್ನೂ ಅವರು ತೋರಿಸಿಕೊಟ್ಟರು. ಪುರುಷರ ಅನುಭವವನ್ನೇ ಮನುಕುಲದ ಅನುಭವವೆಂದು ಬಹುಕಾಲ ಭಾವಿಸಲಾಗಿತ್ತು.

ಹೀಗೆ ಈ ವ್ಯತ್ಯಾಸದಲ್ಲಿ ಪ್ರಕೃತಿಯ ಪಾಲು ಇದ್ದರೂ, ಸಮಾಜದ ರೂಢಿಯ ಪಾಲೂ ದೊಡ್ಡದೇ ಆಗಿದೆ. ರೂಢಿಯನ್ನು ತಿದ್ದಲು ಸಾಧ್ಯ. ಮಗನೂ ಪಾತ್ರೆ ತೊಳೆದು ನೀರು ತುಂಬಿದರೆ ತಾಯಿಗೆ ಸಂಜೆ ಕುಳಿತುಕೊಳ್ಳಲು ಬಿಡುವು ದೊರೆಯುತ್ತದೆ. ತಂದೆಯ ಕಷ್ಟವನ್ನು ಮನೆಯವರು ಕೂಡಿ ಕೇಳಿದರೆ ಆತನ ಎದೆಯ ಭಾರ ಇಳಿಯುತ್ತದೆ.