ಭಾರ ಹೊತ್ತರೆ ಗಟ್ಟಿಯಾಗುವ ಮೂಳೆ

ಮನುಷ್ಯನ ಮೂಳೆ ಒಮ್ಮೆ ಬೆಳೆದು ಹಾಗೆಯೇ ಉಳಿದುಬಿಡುವ ವಸ್ತುವಲ್ಲ. ಹಳೆಯ ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳೂ ಅದೇ ಜಾಗದಲ್ಲಿ ಹೊಸತನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳೂ ಬಿಡುವಿಲ್ಲದೆ ದುಡಿಯುವುದರಿಂದ, ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ಪ್ರತಿವರ್ಷ ಹೊಸದಾಗುತ್ತದೆ. 30ನೇ ವಯಸ್ಸಿನ ಆಸುಪಾಸಿನವರೆಗೆ ಕಟ್ಟುವ ಕೆಲಸದ ಕೈ ಮೇಲಾಗಿದ್ದು, ಆಮೇಲೆ ಕರಗುವಿಕೆ ನಿಧಾನವಾಗಿ ಮುಂದಾಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಂತೂ ಈ ಕರಗುವಿಕೆಗೆ ಕಡಿವಾಣ ಹಾಕಿದ್ದ ಈಸ್ಟ್ರೋಜೆನ್ ಹಾರ್ಮೋನು ಇಳಿಯುವುದರಿಂದ ಮೊದಲ ಕೆಲವು ವರ್ಷಗಳಲ್ಲಿ ಸವೆತ ಬಿರುಸಾಗಿರುತ್ತದೆ. ಹೀಗೆ ಮೂಳೆ ಟೊಳ್ಳಾಗಿ, ಸಣ್ಣ ಪೆಟ್ಟಿಗೂ ಮುರಿಯುವಂತಾದ ಸ್ಥಿತಿಯೇ ಆಸ್ಟಿಯೋಪೊರೋಸಿಸ್.

ದೇಹದಲ್ಲಿರುವ ಕ್ಯಾಲ್ಸಿಯಂನ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದ್ದರೆ, ಉಳಿದ ಅಲ್ಪಾಂಶವು ಹೃದಯದ ಬಡಿತಕ್ಕೂ ಸ್ನಾಯುಗಳ ಚಲನೆಗೂ ಅನಿವಾರ್ಯವಾಗಿದೆ. ರಕ್ತದಲ್ಲಿ ಅದರ ಪ್ರಮಾಣ ತುಸು ಇಳಿದರೂ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಕೊರತೆಯನ್ನು ತುಂಬಿಬಿಡುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ವರದಿಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದಿದ್ದ ಮಾತ್ರಕ್ಕೆ ಮೂಳೆಯೂ ಗಟ್ಟಿಯಾಗಿದೆ ಎಂದು ನೆಮ್ಮದಿಪಡುವಂತಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮೂಳೆಗೆ ಹಾಲೊಂದೇ ಆಧಾರವೆಂಬಂತೆ ಜಾಹೀರಾತುಗಳು ಅಬ್ಬರಿಸುತ್ತವೆಯಾದರೂ, 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂನ ಆಜುಬಾಜು. ಹಳೇ ಮೈಸೂರು ಸೀಮೆಯ ಊಟದಲ್ಲಿ ಮುದ್ದೆ ಹೋಗಿ ಅನ್ನ ಬಂದಾಗ ಏನು ಕಳೆದುಹೋಯಿತೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಆದರೆ ರಾಗಿಯಲ್ಲಿರುವ ಫೈಟಿಕ್ ಆಮ್ಲವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯುವುದರಿಂದ, ತಟ್ಟೆಯಲ್ಲಿ ಇರುವುದೆಲ್ಲ ಮೈಗೆ ಸೇರುವುದಿಲ್ಲ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿ ಕೂಸಿಗೆ ಸರಿ ಮಾಡುವ ಪದ್ಧತಿಯಲ್ಲಿ ಮೊಳಕೆಯ ಕಿಣ್ವಗಳು ಆ ಆಮ್ಲವನ್ನು ಒಡೆಯುತ್ತವೆ. ಕೂಸಿಗೆ ಒಗ್ಗುವ ಈ ಹಿಟ್ಟು ದೊಡ್ಡವರಿಗೂ ಅಷ್ಟೇ ಸಲ್ಲುತ್ತದೆ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಕಾಳಿನ ಸಿಪ್ಪೆಯಲ್ಲಿ ಇರುವುದರಿಂದ ಹಿಟ್ಟನ್ನು ತೀರ ನುಣ್ಣಗೆ ಜರಡಿ ಹಿಡಿದು ತೌಡು ಚೆಲ್ಲುವುದು ನಷ್ಟವೇ ಸರಿ. ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳೂ ಒಳ್ಳೆಯ ಮೂಲಗಳು. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಅದರಲ್ಲೇ ಇರುವ ಆಕ್ಸಲೇಟ್‌ನಿಂದಾಗಿ ಬಹುಪಾಲು ದಕ್ಕುವುದಿಲ್ಲ. ಉಪ್ಪಿನಕಾಯಿ, ಹಪ್ಪಳಗಳ ಮೂಲಕ ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹೋಗುವುದೂ ಹೆಚ್ಚುತ್ತದೆ.

ತಿಂದದ್ದನ್ನು ಕರುಳು ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಆಹಾರದಲ್ಲಿ ಅದು ಕಡಿಮೆಯಿದ್ದು, ಚರ್ಮವು ಬಿಸಿಲಿನ ಅತಿನೇರಳೆ ಬಿ ಕಿರಣಗಳ ನೆರವಿನಿಂದ ಅದನ್ನು ತಯಾರಿಸಿಕೊಳ್ಳುತ್ತದೆ. ಈ ಕಿರಣಗಳು ಕಿಟಕಿಯ ಗಾಜನ್ನು ದಾಟಲಾರವಾದ್ದರಿಂದ, ಗಾಜಿನ ಕಟ್ಟಡದಲ್ಲಿ ಬೆಳಕಿಗೆ ಮುಖಮಾಡಿ ದಿನವಿಡೀ ಕುಳಿತರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಒದಗಿದರೂ ಎಲ್ಲಿ ಎಷ್ಟು ಕಟ್ಟಬೇಕೆಂಬ ಸೂಚನೆ ಮೂಳೆಗೆ ಸಿಗುವುದು ಅದರ ಮೇಲೆ ಬೀಳುವ ಭಾರದಿಂದ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರುವ ಹೊರೆಗೆ ತಕ್ಕಂತೆ ಮೂಳೆ ತನ್ನ ರಚನೆಯನ್ನೇ ಮಾರ್ಪಡಿಸಿಕೊಳ್ಳುತ್ತದೆ ಎಂದು ಪ್ರತಿಪಾದಿಸಿದನು. ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್ ಎಂಬ ಕೋಶಗಳು ಆ ಒತ್ತಡವನ್ನು ಗ್ರಹಿಸಿ ಕಟ್ಟುವ ಕೋಶಗಳಿಗೆ ಸಂಕೇತ ಕಳಿಸುತ್ತವೆಂದು ಈಗ ತಿಳಿದಿದೆ. ಟೆನಿಸ್ ಆಟಗಾರರ ಆಡುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪವಾಗಿರುತ್ತದೆ. ಮೈಭಾರವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳು ಸೊಂಟದಂಥ ಭಾಗಗಳಲ್ಲಿ ತಿಂಗಳಿಗೆ ಶೇ. 1ರಷ್ಟು ಅಥವಾ ಅದಕ್ಕೂ ಹೆಚ್ಚು ಮೂಳೆ ಸಾಂದ್ರತೆಯನ್ನು ಕಳೆದುಕೊಳ್ಳುತ್ತಾರೆ. ಈಜು ಮತ್ತು ಸೈಕಲ್ ಸವಾರಿ ಹೃದಯಕ್ಕೆ ಹಿತವಾದರೂ ಮೈಭಾರವನ್ನು ಕಾಲಿನ ಮೇಲೆ ಹಾಕದ ಕಾರಣ ಮೂಳೆಗೆ ಅವುಗಳ ಲಾಭ ಕಡಿಮೆ. ಎಳೆಯರಿಗೆ ಕುಂಟೆಬಿಲ್ಲೆ, ಹಗ್ಗದಾಟ, ಕಬಡ್ಡಿಯಂಥ ಜಿಗಿತದ ಆಟಗಳೂ, ನಡುವಯಸ್ಸಿನವರಿಗೆ ಬಿರುಸು ನಡಿಗೆ, ಮೆಟ್ಟಿಲು ಹತ್ತುವುದು, ವಾರಕ್ಕೆರಡು ಬಾರಿ ತೂಕ ಎತ್ತುವುದೂ ಒಳ್ಳೆಯದು. ವಯಸ್ಸಾದವರಲ್ಲಿ ಮೂಳೆಮುರಿತಕ್ಕೆ ಬಹುತೇಕ ಬೀಳುವುದೇ ಕಾರಣವಾದ್ದರಿಂದ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವಂಥ ಸಮತೋಲನದ ಅಭ್ಯಾಸಕ್ಕೆ ಅವರು ಹೆಚ್ಚು ಗಮನ ಕೊಡಬೇಕು.

ಡೆಕ್ಸಾ ಎಂಬ ಎಕ್ಸ್-ರೇ ತಪಾಸಣೆಯು ಮೂಳೆಯ ಸಾಂದ್ರತೆಯನ್ನು ಆರೋಗ್ಯವಂತ ಯುವಜನರ ಸರಾಸರಿಯೊಂದಿಗೆ ಹೋಲಿಸಿ ಟಿ-ಸ್ಕೋರ್ ಎಂಬ ಅಂಕಿ ಕೊಡುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದವರು, ಬೆನ್ನುಮೂಳೆ ಕುಸಿಯುವ ಅಪಾಯವಿರುವುದರಿಂದ, ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಪೂರ್ತಿ ಬಾಗುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು.