ರದ್ದಿಗೆ ಹಾಕುವ ಮುಂಚೆ: ಹಳೆಯ ಪುಸ್ತಕ, ಪತ್ರಿಕೆಗಳ ಜೋಪಾನ



ನಿಮ್ಮ ಮನೆಯ ಮಂಚದ ಕೆಳಗಿನ ಟ್ರಂಕಿನಲ್ಲಿಯೋ, ಗೋಡೆಯ ಅಲಮಾರಿಯ ಮೇಲಿನ ಖಾನೆಯಲ್ಲಿಯೋ ಹಳೆಯ ಚಂದಮಾಮ, ಕಸ್ತೂರಿ, ಸುಧಾ, ಮಯೂರ ಪತ್ರಿಕೆಗಳ ಒಂದು ಕಟ್ಟು ಇದ್ದೀತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ಮಕ್ಕಳಿಗಾಗಿ ಬಂದ ಭಾರತ ಭಾರತಿ ಮಾಲೆಯ ಅಂಗೈಯಗಲದ ಪುಸ್ತಕಗಳು, ಧಾರವಾಡದ ಮನೋಹರ ಗ್ರಂಥಮಾಲೆಯ ಹಳೆಯ ಪ್ರಕಟಣೆಗಳು ಕೂಡ ಇರಬಹುದು. ರಟ್ಟಿನ ಹೊದಿಕೆಯಿಲ್ಲದ ಇಂಥ ತೆಳು ಪುಸ್ತಕಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಹೇಗೆ, ಬಂದವರಿಗೆ ಕಾಣುವಂತೆ ಇಡುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಇವುಗಳನ್ನು ಏಕೆ ಉಳಿಸಬೇಕು ಎಂಬ ಮಾತು. ಕನ್ನಡ ಚಂದಮಾಮ 1949ರ ಜುಲೈಯಲ್ಲಿ ಮದರಾಸಿನಿಂದ ಹೊರಟಿತು. 2013ರ ಹೊತ್ತಿಗೆ ಚಂದಮಾಮ ನಿಂತೇಹೋಯಿತು. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಂತಿತು. ಹುಬ್ಬಳ್ಳಿಯ ಕಸ್ತೂರಿ 1956ರಲ್ಲಿ, ಸುಧಾ 1965ರಲ್ಲಿ, ಮಯೂರ 1968ರಲ್ಲಿ, ತರಂಗ 1983ರಲ್ಲಿ ಶುರುವಾದವು. ಒಳ್ಳೆಯ ಕಾದಂಬರಿ ಮರುಮುದ್ರಣ ಕಾಣಬಹುದು. ಹಳೆಯ ಸಂಚಿಕೆಯನ್ನು ಇದ್ದಂತೆಯೇ ಮತ್ತೆ ಯಾರು ಅಚ್ಚು ಹಾಕುತ್ತಾರೆ? ಅದರ ಮುಖಚಿತ್ರ, ಜಾಹೀರಾತು, ಓದುಗರ ಪತ್ರ, ಬೆಲೆ ಎಲ್ಲವೂ ಆ ಕಾಲದ ದಾಖಲೆ.

ನಮ್ಮ ಭಾಗಕ್ಕೆ ಇನ್ನೊಂದು ಕಾರಣವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಪ್ರದೇಶಗಳು ಹಂಚಿಕೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳು ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ರಾಯಿಕೋಡದಂಥ ಊರುಗಳಲ್ಲಿ ಮನೆಮಾತು ಕನ್ನಡವಾದರೂ ಮಕ್ಕಳು ಓದುವುದು ತೆಲುಗು, ಇಂಗ್ಲಿಷು. ಎಷ್ಟೋ ಮನೆಗಳಲ್ಲಿ ಅಚ್ಚಾದ ಕನ್ನಡ ಅಂದರೆ ಆ ಟ್ರಂಕಿನಲ್ಲಿ ಇರುವಷ್ಟೇ. ಹಿರಿಯರು ಕಣ್ಮುಚ್ಚಿದ ಮೇಲೆ ಅದು ತಕ್ಕಡಿಗೆ ಏರುತ್ತದೆ. ರದ್ದಿಯವನ ತಕ್ಕಡಿಗೆ 1949ರ ಸಂಚಿಕೆಯೂ ಒಂದೇ, ನಿನ್ನೆಯ ಪೇಪರೂ ಒಂದೇ.

ಇನ್ನು ಕಾಗದದ ಗುಣ ತಿಳಿಯೋಣ. ಹತ್ತಿಯ ಚಿಂದಿಯಿಂದ ಮಾಡಿದ ಕಾಗದ ನೂರಾರು ವರ್ಷ ಬಾಳುತ್ತದೆ. ಅಗ್ಗದ ಪತ್ರಿಕೆಗೆ ಬಳಸುವ ಕಾಗದ ಮರವನ್ನು ಅರೆದು ಮಾಡಿದ್ದು. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗಿ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಕಾಗದದ ಎಳೆಗಳನ್ನು ಒಳಗಿಂದಲೇ ತಿನ್ನುತ್ತದೆ. ಆಗ ಹಾಳೆ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕೆಲಸಕ್ಕೆ ವೇಗ ಹೆಚ್ಚು. ಆದ್ದರಿಂದ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ತಗಡಿನ ಮಾಡಿನ ಕೆಳಗಿನ ಅಟ್ಟ ಪುಸ್ತಕಕ್ಕೆ ತಕ್ಕ ಜಾಗವಲ್ಲ. ಮನೆಯ ನಡುವಿನ, ಬಿಸಿಲು ಬೀಳದ ಒಳಗೋಡೆಯ ಪಕ್ಕ ಒಳ್ಳೆಯದು.

ಎರಡನೆಯ ವೈರಿ ತೇವ. ಮಳೆಗಾಲದಲ್ಲಿ ಕೋಣೆಯ ಗಾಳಿಯಲ್ಲಿ ತೇವಾಂಶ ನೂರಕ್ಕೆ 65ನ್ನು ಮೀರಿ ಹಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಮಳೆ ಬಿಟ್ಟ ಒಣ ಮಧ್ಯಾಹ್ನ ಅಲಮಾರಿಯ ಬಾಗಿಲು ತೆರೆದಿಟ್ಟು ಫ್ಯಾನ್ ಗಾಳಿ ಆಡಿಸಿರಿ. ಹೊಸ ಚಪ್ಪಲಿ, ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಮುಚ್ಚಿದ ಡಬ್ಬಿಗಳಲ್ಲಿ ಹಾಕಬಹುದು. ಅವು ಕೆಲವು ತಿಂಗಳಿಗೆ ತೇವ ಕುಡಿದು ತುಂಬುತ್ತವೆ, ಆಗ ಬದಲಿಸಬೇಕು. ಮಾಳಿಗೆ ಸೋರಿ ಪತ್ರಿಕೆ ನೆನೆದರೆ ಬಿಸಿಲಿಗೆ ಹಾಕಬೇಡಿರಿ, ಹಾಳೆ ಸೊಟ್ಟಗಾಗುತ್ತದೆ. ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ನೆರಳಿನಲ್ಲಿ ಫ್ಯಾನ್ ಗಾಳಿಗೆ ಒಣಗಿಸಿರಿ. ನುಣುಪು ಹೊಳಪಿನ ಪುಟಗಳನ್ನು ಮಾತ್ರ ಒಣಗುವ ಮುಂಚೆಯೇ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಒಮ್ಮೆ ಅಂಟಿ ಒಣಗಿದರೆ ಅವು ಇಟ್ಟಿಗೆಯಂತಾಗಿ ಮತ್ತೆ ಬಿಡುವುದಿಲ್ಲ.

ಮೂರನೆಯದು ಹುಳ. ನಮ್ಮ ಕೆಂಪು ಮಣ್ಣಿನ ನೆಲದಲ್ಲಿ ಗೆದ್ದಲಿಗೆ ಬರವಿಲ್ಲ. ಅದು ನೆಲದಿಂದ ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಏರುತ್ತದೆ. ಆದ್ದರಿಂದ ಗೋಡೆಯೊಳಗೆ ಕೂಡಿಸಿದ ಕಟ್ಟಿಗೆಯ ಅಲಮಾರಿಗಿಂತ ಕಬ್ಬಿಣದ ಕಪಾಟು ಮೇಲು. ಅದನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿರಿ; ಕಾಲುಗಳ ಕೆಳಗೆ ತಾಂಡೂರು ಕಲ್ಲಿನ ತುಂಡು ಇದ್ದರೆ ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ಹಿಡಿದು ಹಿಂದಿನ ಗೋಡೆಯನ್ನು ನೋಡಿರಿ. ಕಪ್ಪಾದ ಸಂದಿಗಳಲ್ಲಿ ಬೆಳ್ಳಗೆ ಹೊಳೆಯುತ್ತ ಮೀನಿನಂತೆ ಜಾರುವ ಇನ್ನೊಂದು ಹುಳ ಅಂಟು ತಿನ್ನುತ್ತದೆ, ಅಚ್ಚಾದ ಮೇಲ್ಮೈಯನ್ನು ಕೆರೆಯುತ್ತದೆ.

ಬೇವಿನ ಎಲೆ ಇಡುವ ರೂಢಿ ಹಳೆಯದು. ಪೂರ್ತಿ ಒಣಗಿದ ಎಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡಬೇಕು. ಹಸಿ ಎಲೆ ಇಟ್ಟರೆ ನೀವೇ ತೇವ ತಂದು ಇಟ್ಟಂತಾಗುತ್ತದೆ. ಡಾಂಬರ್ ಗುಳಿಗೆಯ ಹೊಗೆ ಮನುಷ್ಯರಿಗೆ ಒಳ್ಳೆಯದಲ್ಲ, ಚಿಕ್ಕ ಮಕ್ಕಳು ಮಲಗುವ ಕೋಣೆಯಲ್ಲಂತೂ ಬೇಡ. ಹೈದರಾಬಾದಿನ ಆಬಿಡ್ಸ್‌ನಲ್ಲಿ ರವಿವಾರ ಫುಟ್‌ಪಾತಿನ ಮೇಲೆ ಕೊಂಡ ಹಳೆಯ ಪುಸ್ತಕವನ್ನು ಮನೆಗೆ ತಂದೊಡನೆ ಉಳಿದವುಗಳ ಜೊತೆ ಸೇರಿಸಬೇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ತಿಂಗಳು ಬೇರೆ ಇಡಿರಿ. ಚೀಲದ ತಳದಲ್ಲಿ ಸಣ್ಣ ಮರಳಿನಂಥ ಪುಡಿ ಉದುರಿದ್ದರೆ ಒಳಗೆ ಹುಳ ಇದೆ ಎಂದು ಅರ್ಥ. ಹಾಗಿದ್ದರೆ ಅದೇ ಚೀಲವನ್ನು ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಹದಿನೈದು ದಿನ ಇಟ್ಟರೆ ಹುಳ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂಡುತ್ತದೆ.

ಜೋಡಿಸುವ ಕ್ರಮಕ್ಕೆ ಬರೋಣ. ದಪ್ಪ ಬೆನ್ನಿನ ಕಾದಂಬರಿಗಳನ್ನು ನಿಲ್ಲಿಸಿ ಇಡಬಹುದು. ಬಿಗಿಯಾಗಿ ತುರುಕಬಾರದು, ವಾಲಿ ಬೀಳುವಷ್ಟು ಸಡಿಲವೂ ಇರಬಾರದು. ಪಿನ್ನು ಹೊಡೆದ ಪತ್ರಿಕೆಗಳನ್ನು ಮಲಗಿಸಿ ಇಡಬೇಕು. ಪಿನ್ನಿನ ಕಡೆ ದಪ್ಪ ಇರುವುದರಿಂದ ಹತ್ತು ಸಂಚಿಕೆ ಒಂದು ಕಡೆ, ಹತ್ತು ಇನ್ನೊಂದು ಕಡೆ ತಿರುಗಿಸಿ ಇಟ್ಟರೆ ಕಟ್ಟು ಸಮನಾಗಿ ಕೂಡುತ್ತದೆ. ಒಂದು ಗೇಣಿಗಿಂತ ಎತ್ತರ ಬೇಡ, ಕೆಳಗಿನವು ನಲುಗುತ್ತವೆ. ಒಂದೊಂದನ್ನೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ಹಾಕಬಹುದು. ಮೆತ್ತಗೆ, ವಾಸನೆ ಬರುವ ಪಿವಿಸಿ ಹೊದಿಕೆ ಬೇಡ; ಅದು ಕೆಲವು ವರ್ಷಕ್ಕೆ ಮುಖಚಿತ್ರದ ಮಸಿಗೆ ಅಂಟಿಕೊಳ್ಳುತ್ತದೆ. ಬೆನ್ನಿಗೆ ಆಸರೆಯಾಗಿ ಮಾಮೂಲು ರಟ್ಟು ಇಟ್ಟರೆ ಅದರದೇ ಆಮ್ಲ ಪತ್ರಿಕೆಗೆ ಇಳಿಯುತ್ತದೆ. ನಡುವೆ ಝೆರಾಕ್ಸಿಗೆ ಬಳಸುವ ಬಿಳಿ ಹಾಳೆ ಸೇರಿಸಿರಿ. ಈಗಿನ ಈ ಹಾಳೆಗಳಲ್ಲಿ ಹೆಚ್ಚಿನವು ಆಮ್ಲವಿಲ್ಲದವು.

ರಿಪೇರಿಯಲ್ಲಿ ಆತುರ ಬೇಡ. ಹರಿದ ಕಡೆ ಸೆಲ್ಲೋ ಟೇಪು ಅಂಟಿಸಿದರೆ ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅಂಟಿನ ಕಂದು ಕಲೆ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಗಂಜಿಯಂಥ ತಿಳಿ ಮೈದಾ ಅಂಟಿನಿಂದ ಹಚ್ಚಿ, ಮೇಲೆ ಭಾರ ಇಟ್ಟು ಒಣಗಿಸುವುದು ಸರಿಯಾದ ದಾರಿ. ಬೇಕೆನಿಸಿದರೆ ಒದ್ದೆ ಮಾಡಿ ಮತ್ತೆ ಬಿಡಿಸಬಹುದು. ಅಂಟು ಕಡಿಮೆ ಇರಲಿ, ಹುಳಕ್ಕೆ ಮೈದಾ ಬಹಳ ಪ್ರೀತಿ. ಪಿನ್ನು ತುಕ್ಕು ಹಿಡಿದಿದ್ದರೆ ಮೊಂಡ ಚಾಕುವಿನಿಂದ ಮೆಲ್ಲಗೆ ಎತ್ತಿ ತೆಗೆದು, ಅದೇ ರಂಧ್ರಗಳಲ್ಲಿ ಹತ್ತಿಯ ದಾರ ಹೊಲಿಯಿರಿ. ಬ್ಯಾಂಕಿನಲ್ಲಿ ದಿನದ ವೋಚರುಗಳನ್ನು ನಾವು ಸೂಜಿ ದಾರದಿಂದಲೇ ಹೊಲಿದು ಇಡುತ್ತಿದ್ದೆವು; ದಾರಕ್ಕೆ ತುಕ್ಕಿಲ್ಲ. ಪಿನ್ನು ಚೆನ್ನಾಗಿದ್ದರೆ ಮುಟ್ಟಬೇಡಿರಿ. ನೋಟು ಎಣಿಸುವಂತೆ ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುವುದೂ ಬೇಡ. ವರ್ಷದ ಹನ್ನೆರಡು ಸಂಚಿಕೆ ಕೂಡಿಸಿ ಬೈಂಡ್ ಮಾಡಿಸುವ ಆಸೆ ಹಲವರಿಗೆ. ಬೈಂಡ್ ಮಾಡುವವರು ಅಂಚನ್ನು ಕತ್ತರಿಸುತ್ತಾರೆ, ಎಷ್ಟೋ ಸಲ ಮುಖಪುಟವನ್ನೇ ತೆಗೆದುಬಿಡುತ್ತಾರೆ. ಸಂಗ್ರಹಕ್ಕೆ ಬಿಡಿ ಸಂಚಿಕೆಯೇ ಲೇಸು.

ಇನ್ನು ನಾಲ್ಕು ಜನ ನೋಡುವಂತೆ ಇಡುವ ಮಾತು. ಕಪಾಟಿನಲ್ಲಿ ಬೀಗ ಹಾಕಿಟ್ಟದ್ದು ಮೊಮ್ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಆದರೆ ಪಡಸಾಲೆಯ ಕಿಟಕಿಯ ಎದುರು ತೂಗುಹಾಕಿದ ಮುಖಚಿತ್ರ ಕೆಲವು ವರ್ಷಗಳಲ್ಲೇ ಬಣ್ಣ ಕಳೆದುಕೊಳ್ಳುತ್ತದೆ. ಒಳ್ಳೆಯ ಉಪಾಯವೆಂದರೆ ಮುಖಪುಟದ ಬಣ್ಣದ ಝೆರಾಕ್ಸ್ ತೆಗೆಸಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕುವುದು. ಮೂಲ ಪ್ರತಿ ಕತ್ತಲೆಯಲ್ಲಿ ಸುರಕ್ಷಿತ. ಮೂಲವನ್ನೇ ಇಡಬೇಕೆಂದರೆ ಬಿಸಿಲು ತಾಗದ ಗೋಡೆ ಆರಿಸಿ, ಗಾಜು ಕಾಗದಕ್ಕೆ ತಾಗದಂತೆ ನಡುವೆ ಸಂದು ಬಿಡಿಸಿ, ಯುಗಾದಿ, ನಾಗರಪಂಚಮಿ, ದೀಪಾವಳಿ, ಸಂಕ್ರಾಂತಿಗೆ ಒಮ್ಮೊಮ್ಮೆ ಬದಲಿಸಿರಿ. ತೆರೆದಿಡಲು ಪುರಾಣ ಓದುವ ವ್ಯಾಸಪೀಠಕ್ಕಿಂತ ಉತ್ತಮ ಸಾಧನವಿಲ್ಲ. ಮುಸಲ್ಮಾನ ಮನೆಗಳಲ್ಲಿ ರೆಹಾಲ್ ಎನ್ನುವುದೂ ಇದೇ. ಪುಸ್ತಕ ಅದರಲ್ಲಿ ಅರ್ಧ ಮಾತ್ರ ತೆರೆದುಕೊಳ್ಳುವುದರಿಂದ ಬೆನ್ನು ಮುರಿಯುವುದಿಲ್ಲ. ಎರಡು ಪ್ರತಿ ಇರುವ ಸಂಚಿಕೆಯಿದ್ದರೆ ಒಂದನ್ನು ಮಕ್ಕಳ ಕೈಗೆ ಕೊಟ್ಟುಬಿಡಿರಿ. ಅದು ಹರಿದರೂ ನಷ್ಟವಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದು ಪಟ್ಟಿ. ಪತ್ರಿಕೆಯ ಹೆಸರು, ತಿಂಗಳು, ವರ್ಷ, ಸಂಚಿಕೆಯ ಸಂಖ್ಯೆ, ಈಗಿನ ಸ್ಥಿತಿ, ಇಷ್ಟನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಬರೆಯುವಾಗ ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ಬರೆಯಿರಿ. ಕಪಾಟಿನ ಬಾಗಿಲಿನ ಒಳಗೆ ದೊಡ್ಡ ಅಕ್ಷರದಲ್ಲಿ, ಇವು ಹಳೆಯ ಕನ್ನಡ ಪತ್ರಿಕೆಗಳು, ರದ್ದಿಗೆ ಹಾಕಬೇಡಿ, ಬೇಡವಾದರೆ ಇಂಥವರಿಗೆ ಕೊಡಿ ಎಂದು ಎರಡೂ ಲಿಪಿಗಳಲ್ಲಿ ಅಂಟಿಸಿರಿ. ಆ ಇಂಥವರು ಸಂಬಂಧಿಕರಿರಲಿ, ಗ್ರಂಥಾಲಯವಿರಲಿ, ತೆಗೆದುಕೊಳ್ಳುತ್ತೀರಾ ಎಂದು ಈಗಲೇ ಕೇಳಿ ಒಪ್ಪಿಗೆ ಪಡೆದಿರಿ. ಗೆದ್ದಲಿನಿಂದ ಉಳಿಸಿದ್ದು ತಕ್ಕಡಿಗೆ ಹೋಗಬಾರದು. ಓದಲು ಬಾರದ ಲಿಪಿಯ ಕಟ್ಟನ್ನು ಬಿಸಾಡಿದ ಮಕ್ಕಳ ಮೇಲೆ ತಪ್ಪು ಹೊರಿಸಲಾಗದು. ಅವರಿಗೆ ಅರ್ಥವಾಗುವಂತೆ ಹೇಳಿಡುವ ಕೆಲಸ ನಮ್ಮದು.