ಅಶ್ವವಿದ್ಯೆಗಾಗಿ ಮನೆ ಬಿಟ್ಟು ಹೊರಡುವ ಮಕ್ಕಳು

ಕುದುರೆಯ ಶಾಸ್ತ್ರವು ನಮ್ಮ ನಾಡಿಗೆ ಹೊಸದಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಅಶ್ವವೈದ್ಯವು ಭರತಖಂಡದಲ್ಲೆಲ್ಲ ಪ್ರಸಿದ್ಧವಾಗಿತ್ತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣಕ್ಕೂ ಸವಾರಿಯ ವಿನೋದಕ್ಕೂ ಸ್ಥಾನವಿದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದಲೂ ಹೆಸರಾದದ್ದು. ಆದರೆ ಹಿಂದೆ ಈ ವಿದ್ಯೆಯು ಲಾಯದಲ್ಲಿಯೇ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಇಂದು ಅದು ವಿಶ್ವವಿದ್ಯಾಲಯಗಳ ಪದವಿಯಾಗಿದೆ.

ದ್ವಿತೀಯ ಪಿಯುಸಿ ಮುಗಿಸಿದ ಮಗಳು ‘ನಾನು ಕುದುರೆಯ ವಿಷಯವನ್ನೇ ಓದುತ್ತೇನೆ’ ಎಂದಾಗ, ವೈದ್ಯಕೀಯ ಹಾಗೂ ಎಂಜಿನಿಯರಿಂಗ್‌ಗಳ ಆಚೆಗೆ ದಾರಿಯನ್ನೇ ಕಾಣದ ಮನೆಯವರು ಗಾಬರಿಗೊಳ್ಳುವುದು ಸಹಜ. ಕೆಲವರು ಮಾತು ಮುಗಿಯುವ ಮೊದಲೇ ಗದರಿಸಿ ಸುಮ್ಮನಾಗಿಸುತ್ತಾರೆ. ಇನ್ನು ಕೆಲವರು ಮಮತೆಯ ಭರದಲ್ಲಿ ಹೊಲವನ್ನು ಅಡವಿಟ್ಟಾದರೂ ವಿದೇಶಕ್ಕೆ ಕಳುಹಿಸಲು ಮುಂದಾಗುತ್ತಾರೆ. ಎರಡೂ ಅವಸರದ ನಡೆಗಳೇ. ಕಾಲೇಜನ್ನು ಆರಿಸುವ ಮೊದಲು ಮಗು ಯಾವ ಕೆಲಸವನ್ನು ಜೀವನವಾಗಿಸಿಕೊಳ್ಳಬಯಸುತ್ತದೆ ಎಂಬುದನ್ನು ಆರಿಸಬೇಕು. ಇದು ನಮ್ಮ ಮುಖ್ಯ ಸೂಚನೆ.

ಹೆಸರು ಒಂದು, ವಿದ್ಯೆ ನಾಲ್ಕು

ಅಶ್ವವಿದ್ಯೆ ಎಂಬ ಒಂದೇ ಹೆಸರಿನ ಅಡಿಯಲ್ಲಿ ನಾಲ್ಕು ಬೇರೆ ಬೇರೆ ದಾರಿಗಳಿವೆ. ಮೊದಲನೆಯದು ಪಶುವೈದ್ಯ. ಎರಡನೆಯದು ಅಶ್ವವಿಜ್ಞಾನ, ಇಲ್ಲಿ ಕುದುರೆಯ ಆಹಾರ, ನಡಿಗೆ, ಸಂತಾನ, ಸ್ವಭಾವ ಇವುಗಳ ಅಧ್ಯಯನ ನಡೆಯುತ್ತದೆ. ಮೂರನೆಯದು ಲಾಯಗಳ ಹಾಗೂ ಕುದುರೆ ಸಾಕಣೆಯ ಕೇಂದ್ರಗಳ ಆಡಳಿತ. ನಾಲ್ಕನೆಯದು ಸವಾರಿ. ಇವುಗಳಲ್ಲಿ ಒಂದನ್ನು ಓದಿ ಇನ್ನೊಂದರ ಫಲವನ್ನು ನಿರೀಕ್ಷಿಸಿದರೆ ನಿರಾಶೆ ತಪ್ಪದು.

ಅತಿ ಹೆಚ್ಚು ಗೊಂದಲವಾಗುವುದು ಮೊದಲೆರಡರ ನಡುವೆ. ಅಶ್ವವಿಜ್ಞಾನದ ಬಿ.ಎಸ್‌ಸಿ. ಪದವಿಯನ್ನು ಪಡೆದವರು ಪಶುವೈದ್ಯರಾಗುವುದಿಲ್ಲ. ಅವರು ರೋಗಕ್ಕೆ ಔಷಧವನ್ನು ಬರೆದುಕೊಡಲಾರರು, ಶಸ್ತ್ರಚಿಕಿತ್ಸೆಯನ್ನು ಮಾಡಲಾರರು. ಚಿಕಿತ್ಸೆಯೇ ಮಗುವಿನ ಹಂಬಲವಾಗಿದ್ದರೆ ಪಶುವೈದ್ಯ ಪದವಿಯೊಂದೇ ದಾರಿ. ವಿದೇಶದಲ್ಲಿ ಅದನ್ನು ಓದುವುದಾದರೆ, 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯಂತೆ ಆ ಪದವಿಗೆ ನಮ್ಮ ದೇಶದಲ್ಲಿ ಮನ್ನಣೆ ಉಂಟೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.

ಸವಾರಿಯ ದಾರಿಯು ಬೇರೆಯೇ. ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಅದಕ್ಕಾಗಿ ಅವರು ಜರ್ಮನಿಯಲ್ಲಿ ನೆಲೆಸಿ ಅಭ್ಯಾಸ ಮಾಡಿದರು. 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯ ತಂಡ ವಿಭಾಗದಲ್ಲಿ ಭಾರತಕ್ಕೆ ಚಿನ್ನ ಬಂದಿತು. ಸವಾರಿಯಲ್ಲಿ 1982ರ ದೆಹಲಿ ಕೂಟದ ಅನಂತರ ದೊರೆತ ಮೊದಲ ಚಿನ್ನವದು. ಆ ಸವಾರರೂ ಯುರೋಪಿನಲ್ಲಿ ತರಬೇತಿ ಪಡೆದವರು. ಈ ಸಾಧನೆಯ ಮೂಲ ಪದವಿಪತ್ರವಲ್ಲ, ಗುರುವಿನ ಕೈಕೆಳಗಿನ ದೀರ್ಘಾಭ್ಯಾಸ.

ನಮ್ಮ ದೇಶದಲ್ಲಿರುವ ದಾರಿ

ಪಶುವೈದ್ಯವನ್ನು ಕಲಿಯಲು ಕಡಲು ದಾಟಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಇಂದು ಅದು ಬೀದರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಓದು. ಅಲ್ಲಿ ಹಸು, ಎಮ್ಮೆ, ಕುರಿ, ಕೋಳಿ, ನಾಯಿಗಳ ಜೊತೆಗೆ ಕುದುರೆಯ ಪಾಠವೂ ಇರುತ್ತದೆ; ಕುದುರೆಯಲ್ಲಿಯೇ ಪರಿಣತಿ ಬೇಕೆನ್ನುವವರು ಆಮೇಲೆ ಆ ಕಡೆಗೆ ತಿರುಗಬೇಕು. ಹರಿಯಾಣದ ಹಿಸಾರ್‌ನಲ್ಲಿ 1985ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಕುದುರೆ, ಕತ್ತೆ, ಹೇಸರಗತ್ತೆಗಳ ರೋಗಗಳನ್ನು ಶೋಧಿಸುತ್ತಿದೆ. ಮೀರತ್‌ನಲ್ಲಿ ಸೈನ್ಯದ ಅಶ್ವ ಹಾಗೂ ಪಶುವೈದ್ಯ ದಳದ ಕೇಂದ್ರವೂ ಕಾಲೇಜೂ ಇವೆ. ಪಶುವೈದ್ಯ ಪದವೀಧರರು ಆ ದಳದಲ್ಲಿ ಅಧಿಕಾರಿಗಳಾಗುವ ಅವಕಾಶವುಂಟು.

ಕಡಲಾಚೆಯ ಕಾಲೇಜುಗಳು

ಅಶ್ವವಿಜ್ಞಾನವು ಪ್ರತ್ಯೇಕ ಪದವಿಯಾಗಿ ಬಲವಾಗಿ ಬೇರೂರಿರುವ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಗ್ಲಾಸ್ಟರ್‌ಷೈರ್ ಪ್ರಾಂತದ ಹಾರ್ಟ್‌ಪುರಿಯು ಕೃಷಿ ಕಾಲೇಜಾಗಿ ಬೆಳೆದು 2018ರಲ್ಲಿ ವಿಶ್ವವಿದ್ಯಾಲಯದ ಪದವಿಗೇರಿತು. ಎಸೆಕ್ಸ್‌ನ ರಿಟಲ್ ಎಂಬ ಹಳೆಯ ಸಂಸ್ಥೆಯು 2024ರಲ್ಲಿ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಹಳೆಯ ಹೆಸರನ್ನೇ ನೆಚ್ಚಿ ಅರ್ಜಿ ಹಾಕುವವರು ಇಂತಹ ಬದಲಾವಣೆಗಳನ್ನು ಗಮನಿಸಬೇಕು. ವೇಲ್ಸ್‌ನ ಅಬರಿಸ್ಟ್ವಿತ್, ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯಗಳಲ್ಲಿಯೂ ಈ ಶಾಸ್ತ್ರದ ಬೋಧನೆಯಿದೆ. ಅಮೆರಿಕದಲ್ಲಿ ಕುದುರೆ ಸಾಕಣೆಗೆ ಹೆಸರಾದ ಲೆಕ್ಸಿಂಗ್ಟನ್ ನಗರದ ಕೆಂಟಕಿ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ಆಡಳಿತವನ್ನೂ ಜೊತೆಯಾಗಿ ಕಲಿಸುತ್ತದೆ. ಇಂಗ್ಲೆಂಡಿನ ಪದವಿಗೆ ಸಾಮಾನ್ಯವಾಗಿ ಮೂರು ವರ್ಷ. ನಡುವೆ ಒಂದು ವರ್ಷ ಹೊರಗೆ ಕೆಲಸ ಮಾಡುವ ಏರ್ಪಾಡಿದ್ದರೆ ನಾಲ್ಕು.

ಇದಲ್ಲದೆ 1947ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಹಾರ್ಸ್ ಸೊಸೈಟಿಯು ಕುದುರೆಯ ಆರೈಕೆ, ಸವಾರಿ, ಬೋಧನೆಗಳಲ್ಲಿ ಹಂತಹಂತವಾಗಿ ಪರೀಕ್ಷೆಗಳನ್ನು ನಡೆಸುತ್ತದೆ. ಸವಾರಿ ಶಾಲೆಯಲ್ಲಿ ಶಿಕ್ಷಕರಾಗಬಯಸುವವರಿಗೆ ಪದವಿಗಿಂತ ಈ ಪರೀಕ್ಷೆಗಳೇ ಹತ್ತಿರದ ಮೆಟ್ಟಿಲು.

ಕಾಲೇಜನ್ನು ಅಳೆಯುವ ಬಗೆ

ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಕುದುರೆಗಳೂ ಹೊಳೆಯುತ್ತವೆ. ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಬೇರೆ. ವಾರದಲ್ಲಿ ಎಷ್ಟು ಗಂಟೆ ಲಾಯದ ಕೆಲಸ, ಎಷ್ಟು ಗಂಟೆ ತರಗತಿ? ಒಂದು ಕುದುರೆಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ಸವಾರಿಯು ಪದವಿಯ ಭಾಗವೇ, ಇಲ್ಲವೇ ಅದಕ್ಕೆ ಪ್ರತ್ಯೇಕ ಶುಲ್ಕವೇ? ಬಿದ್ದು ಪೆಟ್ಟಾದರೆ ವಿಮೆ ಯಾರದು? ಕೆಲಸದ ವರ್ಷದಲ್ಲಿ ಕಾಲೇಜು ತಾನೇ ಸ್ಥಳವನ್ನು ಒದಗಿಸುತ್ತದೆಯೇ, ವಿದ್ಯಾರ್ಥಿಯೇ ಹುಡುಕಬೇಕೇ? ಕಳೆದ ವರ್ಷ ಹೊರಬಿದ್ದವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಸಂಸ್ಥೆಯ ವಿಷಯದಲ್ಲಿ ನಿಧಾನಿಸುವುದು ಲೇಸು.

ಅಲ್ಲಿನ ಅನೇಕ ವಿದ್ಯಾರ್ಥಿಗಳು ತಮ್ಮ ಸ್ವಂತ ಕುದುರೆಯನ್ನೇ ಕಾಲೇಜಿಗೆ ತಂದು ಕಟ್ಟುತ್ತಾರೆ. ಅದನ್ನು ನೋಡಿ ನಮ್ಮ ಮಕ್ಕಳೂ ಅಲ್ಲಿ ಕುದುರೆ ಕೊಳ್ಳಲು ಆಸೆಪಡಬಹುದು. ಕೊಳ್ಳುವ ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು; ಲಾಯದ ಬಾಡಿಗೆ, ಮೇವು, ಲಾಳ, ವೈದ್ಯ ಇವುಗಳ ಖರ್ಚು ತಿಂಗಳು ತಿಂಗಳೂ ಬರುತ್ತದೆ. ಶುಲ್ಕಕ್ಕೇ ಸಾಲ ಮಾಡಿದ ಮನೆಗೆ ಅದು ಎರಡನೆಯ ಸಾಲವಾದೀತು. ಕಾಲೇಜಿನ ಕುದುರೆಗಳಿಂದಲೇ ಕಲಿಯಲು ಸಾಧ್ಯವಾಗುವ ಸಂಸ್ಥೆಯನ್ನು ಆರಿಸುವುದು ವಿವೇಕ.

ದೂರದ ಬದುಕು

ಲಾಯದ ಕೆಲಸಕ್ಕೆ ಭಾನುವಾರವಿಲ್ಲ. ಇಂಗ್ಲೆಂಡಿನಲ್ಲಿ ಡಿಸೆಂಬರಿನ ಸೂರ್ಯ ಎಂಟು ಗಂಟೆಯ ಸುಮಾರಿಗೆ ಹುಟ್ಟಿ ನಾಲ್ಕರ ಹೊತ್ತಿಗೆ ಮುಳುಗುತ್ತಾನೆ. ಆ ಕತ್ತಲಲ್ಲಿ, ಮಳೆ ಕೆಸರುಗಳಲ್ಲಿ ಲದ್ದಿ ಬಾಚಿ, ನೀರಿಟ್ಟು, ಗೊರಸು ಶುದ್ಧ ಮಾಡಬೇಕು. ಮನೆಯಲ್ಲಿ ದನದ ಕೊಟ್ಟಿಗೆಗೆ ಕಾಲಿಡದ ಮಗು ಅಲ್ಲಿ ಇದನ್ನು ನಿತ್ಯವೂ ಮಾಡಬಲ್ಲದೇ? ಕಾಯಕವನ್ನು ಪೂಜೆಯೆಂದು ತಿಳಿದ ಮನೆತನಗಳಲ್ಲಿ ಈ ಕೆಲಸವನ್ನು ಕೀಳೆಂದು ಎಣಿಸುವವರು ಇರಲಾರರು. ಆದರೆ ಒಪ್ಪುವುದು ಬೇರೆ, ಒಗ್ಗುವುದು ಬೇರೆ. ಇಂತಹ ಕಾಲೇಜುಗಳು ಬಹುತೇಕ ಹಳ್ಳಿಗಾಡಿನಲ್ಲಿರುವುದರಿಂದ ಶಾಕಾಹಾರದ ವ್ಯವಸ್ಥೆಯನ್ನೂ ಮೊದಲೇ ವಿಚಾರಿಸಬೇಕು. ಅಡುಗೆ ಬಲ್ಲ ಮಗುವಿಗೆ ಅರ್ಧ ಕಷ್ಟ ಕಡಿಮೆ.

ಹೆಣ್ಣುಮಗಳನ್ನು ಕಳುಹಿಸುವುದು ಹೇಗೆ ಎಂದು ಅಳುಕುವವರು ಒಂದು ಮಾತನ್ನು ತಿಳಿದಿರಲಿ: ಬ್ರಿಟನ್ನಿನ ಅಶ್ವವಿದ್ಯೆಯ ತರಗತಿಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ಹೆಣ್ಣುಮಕ್ಕಳೇ.

ಮರಳಿ ಬಂದ ಮೇಲೆ

ಕರ್ನಾಟಕದಲ್ಲಿ ಕುದುರೆಯ ಲೋಕ ಚಿಕ್ಕದು. ಬೆಂಗಳೂರು, ಮೈಸೂರುಗಳ ರೇಸ್ ಕ್ಲಬ್ಬುಗಳು, ಸಾಕಣೆಯ ಕೆಲವು ಫಾರಂಗಳು, ಸವಾರಿ ಶಾಲೆಗಳು, ಪೊಲೀಸರ ಅಶ್ವದಳ ಇಷ್ಟರಲ್ಲಿಯೇ ಅದು ಬಹುಮಟ್ಟಿಗೆ ಮುಗಿಯುತ್ತದೆ. ಪಶುವೈದ್ಯನಿಗೆ ಕುದುರೆ ಸಿಗದಿದ್ದರೂ ಹಸು ಸಿಗುತ್ತದೆ. ಅಶ್ವವಿಜ್ಞಾನದ ಪದವೀಧರನಿಗೆ ಆ ಆಸರೆಯಿಲ್ಲ. ಆದುದರಿಂದ ವಿದೇಶದ ಪದವಿಯನ್ನು ಆರಿಸುವವರು ಕೆಲಸವನ್ನೂ ಹೊರಗೇ ಹುಡುಕಬೇಕಾದೀತು ಎಂಬ ಸಂಗತಿಯನ್ನು ಇಂದೇ ಮನೆಯಲ್ಲಿ ಕೂತು ಮಾತನಾಡಿಕೊಳ್ಳಬೇಕು. ಮಗು ನಾಲ್ಕು ವರ್ಷಕ್ಕೆ ಮರಳುತ್ತದೆಂದು ತಾಯಿಯೂ, ಮರಳಿದರೆ ಕೆಲಸವಿಲ್ಲವೆಂದು ಮಗುವೂ ಮನಸ್ಸಿನಲ್ಲೇ ಇಟ್ಟುಕೊಂಡರೆ, ಆ ಮೌನದಿಂದ ಮುಂದೆ ಇಬ್ಬರಿಗೂ ದುಃಖ.

ಹೀಗಾಗಿ ನಮ್ಮ ಸಲಹೆ ಇಷ್ಟು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಮಗುವನ್ನು ಹತ್ತಿರದ ಸವಾರಿ ಶಾಲೆಯಲ್ಲೋ ಫಾರಂನಲ್ಲೋ ಎರಡು ಮೂರು ತಿಂಗಳು ಕೆಲಸಕ್ಕೆ ಬಿಡಿ. ಸವಾರಿಗೆ ಮಾತ್ರವಲ್ಲ, ಲಾಯದ ಎಲ್ಲ ಕೆಲಸಕ್ಕೂ. ಹೊಟ್ಟೆಶೂಲೆಯಿಂದ ನರಳುವ ಕುದುರೆಯ ಬಳಿ ಒಂದು ರಾತ್ರಿ ನಿದ್ದೆಗೆಟ್ಟು ನಿಂತ ಮೇಲೂ ಆಸೆ ಉಳಿದಿದ್ದರೆ, ಅದು ಗಟ್ಟಿಯಾದ ಆಸೆ. ಆಗ ನಾಲ್ಕು ದಾರಿಗಳಲ್ಲಿ ತನ್ನದು ಯಾವುದೆಂದು ಮಗುವೇ ಹೇಳುತ್ತದೆ. ಆ ದಾರಿಗೆ ತಕ್ಕ ಕಾಲೇಜನ್ನು ಹುಡುಕುವುದು ಕಷ್ಟವಾಗದು. ಆಸೆ ಇಳಿದಿದ್ದರೆ ಮೂರು ತಿಂಗಳು ಮಾತ್ರ ಕಳೆದಿರುತ್ತದೆ, ಹೊಲ ಉಳಿದಿರುತ್ತದೆ.